ಎಳೆಯರ ಮನೋವ್ಯಾಧಿ: ನಿದಾನವನ್ನು ಮೊದಲು ಅರಸೋಣ

ಕನ್ನಡದಲ್ಲಿ ನಿಧಾನ ಮತ್ತು ನಿದಾನ ಎಂಬ ಎರಡು ಶಬ್ದಗಳಿವೆ. ಕಿವಿಗೆ ಹೆಚ್ಚುಕಡಿಮೆ ಒಂದೇ ಎಂಬಂತೆ ಕೇಳಿಸುವ ಇವುಗಳ ಅರ್ಥ ಬೇರೆ. ಮಹಾಪ್ರಾಣವುಳ್ಳ ನಿಧಾನವೆಂದರೆ ಅವಸರವಿಲ್ಲದಿರುವಿಕೆ. ಅಲ್ಪಪ್ರಾಣದ ನಿದಾನವೆಂದರೆ ವೈದ್ಯಶಾಸ್ತ್ರದಲ್ಲಿ ರೋಗದ ಕಾರಣ. ಚಿಕಿತ್ಸೆಯ ಮೊದಲ ಮೆಟ್ಟಿಲು ಔಷಧವಲ್ಲ, ನಿದಾನ ಪರಿವರ್ಜನ, ಅಂದರೆ ಕಾರಣವನ್ನು ದೂರವಿರಿಸುವುದು ಎಂಬುದು ಆಯುರ್ವೇದದ ಮೂಲ ಸಿದ್ಧಾಂತಗಳಲ್ಲೊಂದು. ಅಜೀರ್ಣ, ಅರ್ಶಸ್ಸುಗಳ ವಿಷಯದಲ್ಲಿ ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಮನಸ್ಸಿನ ವ್ಯಾಧಿಯ ಬಳಿಗೆ ಬಂದೊಡನೆ ಮಾತ್ರ ಅದು ಮರೆತುಹೋಗುತ್ತದೆ. ಮಗ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವೆಂದೋ, ಮಗಳು ಊಟ ಬಿಟ್ಟಿದ್ದಾಳೆಂದೋ ಮಕ್ಕಳನ್ನು ನಮ್ಮ ಬಳಿಗೆ ಕರೆತರುವ ತಂದೆತಾಯಂದಿರು ಮೊದಲು ಕೇಳುವುದು, "ಬುದ್ಧಿ ಚುರುಕಾಗಲಿಕ್ಕೆ ಏನಾದರೂ ಒಂದು ಲೇಹ್ಯ ಕೊಡ್ರಿ ಡಾಕ್ಟರೇ" ಎಂದು. ಲೇಹ್ಯ ಕೊಡುವುದು ಸುಲಭ. ಆ ಮಗು ರಾತ್ರಿ ಎಷ್ಟು ಹೊತ್ತು ನಿದ್ರಿಸುತ್ತದೆ, ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಕಳೆದ ಆರು ತಿಂಗಳಲ್ಲಿ ಏನು ಬದಲಾಯಿತು ಎಂಬುದನ್ನು ಕೇಳಿ ತಿಳಿಯುವುದು ಕಷ್ಟ. ಈ ಲೇಖನದಲ್ಲಿ ನಾವು ಆ ಕಷ್ಟದ ಕಡೆಗೇ ಓದುಗರ ಗಮನವನ್ನು ಸೆಳೆಯಬಯಸುತ್ತೇವೆ.

ಮೊದಲು ವಿಷಯದ ವ್ಯಾಪ್ತಿಯನ್ನು ನೋಡೋಣ. ಜಗತ್ತಿನಲ್ಲಿ 10ರಿಂದ 19 ವರ್ಷದೊಳಗಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೀವನದಲ್ಲಿ ಕಾಣಿಸಿಕೊಳ್ಳುವ ಮನೋವ್ಯಾಧಿಗಳಲ್ಲಿ ಸುಮಾರು ಅರ್ಧದಷ್ಟು 14ನೆಯ ವಯಸ್ಸಿನೊಳಗೆ, ಮುಕ್ಕಾಲು ಭಾಗ 24ನೆಯ ವಯಸ್ಸಿನೊಳಗೆ ಮೊಳಕೆಯೊಡೆದಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ನಮ್ಮ ದೇಶದ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣವನ್ನು ಶೇಕಡಾ 7.3 ಎಂದು ಗುರುತಿಸಿತು. ಅದೇ ಸಮೀಕ್ಷೆಯ ಪ್ರಕಾರ ಮನೋರೋಗವುಳ್ಳ ಬಹುಪಾಲು ಜನರು ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಇಲ್ಲಿ ಮನೋರೋಗವೆಂದರೆ ಬೀದಿಯಲ್ಲಿ ಒಬ್ಬನೇ ಮಾತನಾಡುತ್ತ ಅಲೆಯುವ ಸ್ಥಿತಿಯೆಂದು ಯಾರೂ ಭಾವಿಸಬಾರದು. ನಾವು ಹೇಳುತ್ತಿರುವುದು ಸಾಮಾನ್ಯವಾಗಿ ಕಾಣುವ ಖಿನ್ನತೆ ಮತ್ತು ಆತಂಕವನ್ನು ಕುರಿತು. ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಭಾಗ ಮನಸ್ಸು ಕುಸಿದಿದ್ದರೆ, ಹಿಂದೆ ಇಷ್ಟವಾಗುತ್ತಿದ್ದುದರಲ್ಲಿ ರುಚಿ ಇಲ್ಲವಾಗಿದ್ದರೆ, ಅದು ಬರಿಯ ಬೇಸರವಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಅರಿಯದೆ ಇರಲಿಲ್ಲ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಚರಕಸಂಹಿತೆಯು ಅಗ್ರಸ್ಥಾನವನ್ನು ಕೊಟ್ಟಿದೆ. ರಜಸ್ಸು ಮತ್ತು ತಮಸ್ಸು ಮನಸ್ಸಿನ ದೋಷಗಳೆಂದೂ, ಮನುಷ್ಯರ ಸತ್ತ್ವಬಲವು ಪ್ರವರ, ಮಧ್ಯಮ, ಅವರವೆಂದು ಮೂರು ಬಗೆಯೆಂದೂ ಅದು ಹೇಳುತ್ತದೆ. ಒಂದೇ ಪೆಟ್ಟಿಗೆ ಒಬ್ಬ ಬಗ್ಗಿ ಮೇಲೇಳುವನು, ಇನ್ನೊಬ್ಬ ಮುರಿಯುವನು. ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರಾಗಿರಬಹುದು. ಆದುದರಿಂದ "ಅವನ ಅಣ್ಣನಿಗೆ ಆಗದ್ದು ಇವನಿಗೇಕೆ ಆಯಿತು?" ಎಂಬ ಪ್ರಶ್ನೆಯು ವೈದ್ಯನ ಮುಂದೆ ನಿಲ್ಲುವಂತಹುದಲ್ಲ.

ಈ ಬಲಾಬಲದಲ್ಲಿ ವಂಶಪಾರಂಪರ್ಯದ ಪಾಲೂ ಉಂಟು. ತಂದೆ, ತಾಯಿ ಅಥವಾ ಸೋದರರಲ್ಲಿ ಖಿನ್ನತೆ ಇದ್ದವರಿಗೆ ಅದು ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಸಂಭವವೆಂದರೆ ವಿಧಿಯಲ್ಲ, ಅಂಥ ಮನೆಗಳಲ್ಲಿ ಹುಟ್ಟಿದ ಬಹಳ ಜನ ಆರೋಗ್ಯವಾಗಿಯೇ ಬದುಕುತ್ತಾರೆ. ಆದರೆ ನಮ್ಮ ಮನೆತನಗಳಲ್ಲಿ ಇದನ್ನು ಮುಚ್ಚಿಡುವ ರೂಢಿ ಬಲವಾಗಿದೆ. ಮುತ್ತ್ಯಾನಿಗೆ ಸಕ್ಕರೆ ಕಾಯಿಲೆ ಇತ್ತೆಂದು ಎಲ್ಲರೆದುರು ಹೇಳುವವರು, ಚಿಕ್ಕಪ್ಪನೊಬ್ಬ ಎರಡು ವರ್ಷ ಮಾತು ಬಿಟ್ಟು ಕುಳಿತಿದ್ದನೆಂಬುದನ್ನು ವೈದ್ಯನಿಗೂ ಹೇಳುವುದಿಲ್ಲ. ಸಂಬಂಧ ಕುದುರುವುದಿಲ್ಲವೆಂಬ ಭಯ. ಈ ಗುಟ್ಟಿನ ಬೆಲೆಯನ್ನು ತೆರುವವರು ಮುಂದಿನ ತಲೆಮಾರಿನ ಮಕ್ಕಳು. ಲಕ್ಷಣ ಕಂಡಾಗ ಯಾರೂ ಗುರುತಿಸುವುದಿಲ್ಲ, ಗುರುತಿಸಿದವರು ಬಾಯಿ ಬಿಡುವುದಿಲ್ಲ.

ಇನ್ನು ದೇಹದ ಮಾತು. ಮನಸ್ಸಿನ ಕಾಯಿಲೆಯೆಂದು ಬಂದವರಲ್ಲಿ ದೇಹವನ್ನು ಪರೀಕ್ಷಿಸದೆ ಮುಂದುವರಿಯುವುದು ಸಲ್ಲದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಂದತೆ ಮತ್ತು ಬಿ-12 ಜೀವಸತ್ತ್ವದ ಕೊರತೆ ಇವು ಮೂರೂ ಆಯಾಸ, ಮರೆವು, ಸಿಡುಕು, ನಿರುತ್ಸಾಹಗಳ ರೂಪದಲ್ಲಿ ಬಂದು ಖಿನ್ನತೆಯ ವೇಷ ಧರಿಸಬಲ್ಲವು. ಇರುವ ಖಿನ್ನತೆಯನ್ನು ಹೆಚ್ಚಿಸಲೂ ಬಲ್ಲವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59.1 ಮಂದಿಗೆ ರಕ್ತಹೀನತೆ ಇದೆ. ಬೆಳಗಿನ ಮೂರನೆಯ ತಾಸಿಗೇ ಕಣ್ಣು ಮಂಜಾಗುವ ಹುಡುಗಿಯನ್ನು ಸೋಮಾರಿಯೆಂದು ಬೈದರೆ ಅವಳ ರಕ್ತವೇನೂ ಹೆಚ್ಚುವುದಿಲ್ಲ.

ಬಿ-12ರ ವಿಷಯವನ್ನು ನಾವು ಇಲ್ಲಿ ವಿಶೇಷವಾಗಿ ಪ್ರಸ್ತಾಪಿಸಲು ಕಾರಣವಿದೆ. ಈ ಪತ್ರಿಕೆಯನ್ನು ಓದುವ ಮನೆಗಳು ಬಹುತೇಕ ಶುದ್ಧ ಸಸ್ಯಾಹಾರದ ಮನೆಗಳು. ಈ ಜೀವಸತ್ತ್ವವು ಕಾಳು, ಪಲ್ಯ, ಹಣ್ಣುಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಅದರ ಸಹಜವಾದ ಮೂಲ ಹಾಲು ಮತ್ತು ಮೊಸರು. ಹಿಂದೆ ಹಟ್ಟಿಯಲ್ಲಿ ಎಮ್ಮೆ ಇದ್ದ ಮನೆಗಳಲ್ಲಿ ಮಕ್ಕಳು ಗಟ್ಟಿ ಮೊಸರಿನೊಡನೆ ರೊಟ್ಟಿ ತಿಂದು ಶಾಲೆಗೆ ಹೋಗುತ್ತಿದ್ದರು. ಇಂದು ಅದೇ ಮನೆಯ ಮಗ ನಗರದ ಪಿಜಿಯಲ್ಲಿ ಅನ್ನ, ನೀರಾದ ಸಾರು, ಸಂಜೆಗೆ ಚಹಾ ಬಿಸ್ಕತ್ತುಗಳಲ್ಲಿ ದಿನ ಕಳೆಯುತ್ತಾನೆ. ಎರಡು ಮೂರು ವರ್ಷಗಳಲ್ಲಿ ಯಕೃತ್ತಿನಲ್ಲಿದ್ದ ಸಂಗ್ರಹ ಕರಗುತ್ತ ಬರುತ್ತದೆ. ಕೈಕಾಲು ಜೋಮು, ನಾಲಗೆಯ ಉರಿ, ಓದಿದ್ದು ತಲೆಯಲ್ಲಿ ನಿಲ್ಲದಿರುವುದು ತಲೆದೋರುತ್ತವೆ. ಸ್ಪಿರುಲಿನಾ ಮಾತ್ರೆಯಲ್ಲಿ ಬಿ-12 ಇದೆಯೆಂದು ಮಾರುವವರಿದ್ದಾರೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಒದಗದ ಹುಸಿರೂಪ. ಸಸ್ಯಾಹಾರವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಹಾಲು ಮೊಸರು ತಪ್ಪದಂತೆ ನೋಡಿಕೊಳ್ಳಿ, ಸಂಶಯ ಬಂದರೆ ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಕಂಡರೆ ವೈದ್ಯರು ಹೇಳಿದಷ್ಟು ದಿನ ಮಾತ್ರೆಯನ್ನೋ ಸೂಜಿಮದ್ದನ್ನೋ ತೆಗೆದುಕೊಳ್ಳಿ. ಆಯುರ್ವೇದ ವೈದ್ಯರಾದ ನಾವು ಈ ಮಾತ್ರೆಯನ್ನು ಬರೆದುಕೊಡುವುದನ್ನು ಕಂಡು ಕೆಲವರು ಹುಬ್ಬೇರಿಸುತ್ತಾರೆ. ಕೊರತೆ ಯಾವುದೋ ಅದನ್ನು ತುಂಬುವುದೇ ಚಿಕಿತ್ಸೆ. ಅದಕ್ಕೆ ಪದ್ಧತಿಯ ಹಂಗಿಲ್ಲ.

ನಿದ್ರೆಯನ್ನು ಶಾಸ್ತ್ರವು ಆಹಾರದ ಜೊತೆಗೆ ದೇಹದ ಉಪಸ್ತಂಭಗಳಲ್ಲಿ ಸೇರಿಸಿದೆ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ತಾಸುಗಳ ನಿದ್ರೆ ಬೇಕೆಂಬುದು ಇಂದಿನ ತಜ್ಞರ ಮತ. ಹರೆಯದಲ್ಲಿ ನಿದ್ರೆ ತರುವ ಮೆಲಟೋನಿನ್ ರಸವು ಮಿದುಳಿನಲ್ಲಿ ತಡವಾಗಿ ಒಸರುವುದರಿಂದ ಮಕ್ಕಳಿಗೆ ರಾತ್ರಿ ಬೇಗ ನಿದ್ರೆ ಹತ್ತುವುದಿಲ್ಲ. ಇದು ಉದ್ಧಟತನವಲ್ಲ, ವಯೋಧರ್ಮ. ಇದರ ಮೇಲೆ ಮೊಬೈಲಿನ ಬೆಳಕು, ಮುಗಿಯದ ರೀಲ್ಸು. ಹನ್ನೆರಡೂವರೆಗೆ ಮಲಗಿದ ಮಗುವನ್ನು ಬ್ರಾಹ್ಮೀ ಮುಹೂರ್ತದಲ್ಲಿ ಓದಬೇಕೆಂದು ನಾಲ್ಕೂವರೆಗೆ ಎಬ್ಬಿಸುವ ತಂದೆಯರನ್ನು ನಾವು ಬಲ್ಲೆವು; ಅವರು ಇದಕ್ಕೆ ಶಾಸ್ತ್ರದ ಆಧಾರವನ್ನೂ ಕೊಡುತ್ತಾರೆ. ವಾಗ್ಭಟನು ಆ ಹೊತ್ತಿಗೆ ಏಳಬೇಕೆಂದು ಹೇಳಿರುವುದು ಸ್ವಸ್ಥನಾದವನಿಗೆ, ಅದೂ ದೀಪ ಹಚ್ಚಿದ ಮೇಲೆ ಬೇಗನೆ ಮಲಗುತ್ತಿದ್ದ ಕಾಲದಲ್ಲಿ. ನಾಲ್ಕು ತಾಸು ಮಲಗಿ ಎದ್ದವನಿಗೆ ಅದು ಪುಣ್ಯಕಾಲವಲ್ಲ, ಜಾಗರಣೆಯೇ ಸರಿ. ನಿದ್ರೆಗೆಟ್ಟವನಲ್ಲಿ ಆತಂಕ ಬೆಳೆಯುತ್ತದೆ, ಆತಂಕಗೊಂಡವನಿಗೆ ನಿದ್ರೆ ಕೆಡುತ್ತದೆ. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕು. ರಾತ್ರಿ ಮನೆಮಂದಿಯೆಲ್ಲರ ಮೊಬೈಲುಗಳೂ ಪಡಸಾಲೆಯಲ್ಲಿ ಮಲಗಲಿ. ಎಲ್ಲರದೂ ಎಂದೆವು, ತಂದೆಯದೂ ಸೇರಿ.

ಮನೆಯೊಳಗಿನ ವಾತಾವರಣದ ಬಗೆಗೆ ಬರೆಯುವುದು ಸೂಕ್ಷ್ಮವಾದ ಕೆಲಸ. ತಂದೆಯ ಕುಡಿತ, ತಾಯಿಯ ಮೇಲೆ ಕೈಮಾಡುವುದು, ಎಳವೆಯಲ್ಲಿ ಹೆತ್ತವರ ಸಾವು, ಬಂಧುಗಳಿಂದಲೇ ಆದ ಲೈಂಗಿಕ ದೌರ್ಜನ್ಯ ಇವೆಲ್ಲ ಬಾಲ್ಯದಲ್ಲಿ ಬಿದ್ದ ಪೆಟ್ಟುಗಳು. ಇಪ್ಪತ್ತರ ವಯಸ್ಸಿನಲ್ಲಿ ಖಿನ್ನತೆಯಾಗಿ ಮೇಲೆ ಬರುತ್ತವೆ. ಪೆಟ್ಟುಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಏರುತ್ತದೆಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಹೊಡೆಯದೆ ಮಕ್ಕಳು ಕಲಿಯುವುದಿಲ್ಲವೆಂಬ ನಂಬಿಕೆ ಹಿರಿಯರಲ್ಲಿ ಇಂದಿಗೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಗೆ ಅಂಥ ಕಾಯಿದೆ ಬರುವವರೆಗೆ ಕಾಯಬೇಕಿಲ್ಲ. ನೆರೆಮನೆಯ ಹುಡುಗನ ಅಂಕವನ್ನು ಊಟದ ತಾಟಿನ ಮುಂದೆ ಎತ್ತಿ ಆಡುವುದೂ ಒಂದು ಬಗೆಯ ಹೊಡೆತವೇ.

ಹಳ್ಳಿಯ ಬುದ್ಧಿವಂತ ಮಕ್ಕಳನ್ನು ಕಾಡುವ ಒಂದು ಕಾರಣವನ್ನು ನಗರದ ಲೇಖಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೇ ಮೊದಲಿಗನಾಗಿ, ಮಠದಲ್ಲಿಯೂ ಸನ್ಮಾನ ಪಡೆದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿ ಹಾಸ್ಟೆಲಿಗೆ ಹೋಗುತ್ತಾನೆ. ಜೂನ್ ತಿಂಗಳಿನಲ್ಲಿ ಏಕಾಏಕಿ ಎಲ್ಲವೂ ಇಂಗ್ಲಿಷ್. ದ್ಯುತಿಸಂಶ್ಲೇಷಣೆಯನ್ನು ಬಲ್ಲವನಿಗೆ ಫೋಟೋಸಿಂಥೆಸಿಸ್ ಎಂದರೆ ಅದೇ ಎಂದು ತಿಳಿಯುವುದಕ್ಕೆ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಪಾಠ ಮೂರು ಅಧ್ಯಾಯ ಮುಂದೆ ಹೋಗಿರುತ್ತದೆ. ಕೇಳಲು ನಾಚಿಕೆ. ಮೊದಲ ಕಿರುಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತೆಂಟು. ಊರಿನಲ್ಲಿ ಜಾಣನೆನಿಸಿಕೊಂಡವನು ತಾನು ದಡ್ಡನೆಂದು ನಂಬಲು ಮೂರು ತಿಂಗಳು ಸಾಕು. ದಸರೆಯ ರಜೆಗೆ ಮನೆಗೆ ಬಂದಾಗ ಅವನಿಗೆ ಹೊಟ್ಟೆನೋವು, ತಲೆನೋವು, ಎದೆ ಢವಢವ. ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿರುತ್ತವೆ. ಇಂತಹ ಮಕ್ಕಳು ಪ್ರತಿವರ್ಷ ಅಕ್ಟೋಬರಿನಿಂದಾಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಅವರಿಗೆ ಬೇಕಾದುದು ಜೀರ್ಣಶಕ್ತಿಯ ಚೂರ್ಣಕ್ಕಿಂತ ಮೊದಲು ಒಂದು ಮಾತು: ಬುದ್ಧಿ ಕಡಿಮೆಯಾಗಿಲ್ಲ, ಭಾಷೆ ಬದಲಾಗಿದೆ. ಕಾಲೇಜುಗಳು ಮೊದಲ ಎರಡು ತಿಂಗಳು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಹೇಳಿಕೊಟ್ಟರೆ ನಮ್ಮಂತಹ ವೈದ್ಯರ ಕೆಲಸ ಎಷ್ಟೋ ಕಡಿಮೆಯಾದೀತು. ವಿಜ್ಞಾನವೇ ಬೇಡವೆಂದು ಮಗು ಹೇಳಿದರೆ ಅದನ್ನೂ ಕೇಳಬೇಕು.

ಪರೀಕ್ಷೆಯಲ್ಲಿ ಅನುತ್ತೀರ್ಣರಾದವರ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ ಎಂಬುದನ್ನು ಫಲಿತಾಂಶದ ದಿನ ಮನೆಯ ಹಿರಿಯರೇ ಮೊದಲು ನೆನಪಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇಷ್ಟೂ ಜೀವಗಳು ಅಂಕಪಟ್ಟಿಗೆ ಬಲಿಯಾದವೆಂದು ತಿಳಿಯುವುದು ತಪ್ಪು. ಆ ವರ್ಷದ ಒಟ್ಟು ಆತ್ಮಹತ್ಯೆಗಳಲ್ಲಿ ಅತಿ ದೊಡ್ಡ ಪಾಲು, ಅಂದರೆ ಶೇಕಡಾ 31.7, ಕೌಟುಂಬಿಕ ಸಮಸ್ಯೆಗಳ ಲೆಕ್ಕದಲ್ಲಿದೆ. ಯಾರೂ ಒಂದೇ ಕಾರಣದಿಂದ ಆ ಅಂಚಿಗೆ ಬರುವುದಿಲ್ಲ. ಬಹುಕಾಲದಿಂದ ಒಳಗೆ ಬೆಂದವನಿಗೆ ಅಂಕಪಟ್ಟಿ ಕೊನೆಯ ನೆವವಾಗುತ್ತದೆ, ಅಷ್ಟೆ.

ಓದು ಮುಗಿದ ಮೇಲಿನ ಭಾರ ಇನ್ನೊಂದು ಬಗೆಯದು. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಐದಾರು ವರ್ಷ ಕುಳಿತು ವಯಸ್ಸು ಮೀರುತ್ತಿರುವ ತರುಣರ ಒಂಟಿತನವನ್ನು ಅಲ್ಲಿ ಓಡಾಡಿದವರು ಬಲ್ಲರು. ಊರಿನಲ್ಲಿ ಉಳಿದು ಒಕ್ಕಲುತನ ಮಾಡುವವನಿಗೆ ಹೆಣ್ಣು ಸಿಗುತ್ತಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಕಂಕಣಭಾಗ್ಯ ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಪತ್ರಿಕೆ ಓದಿ ನಕ್ಕವರು ಬಹಳ ಮಂದಿ. ನಮಗೆ ನಗು ಬರಲಿಲ್ಲ. ಮೂವತ್ತೈದು ದಾಟಿದ, ಸಂಜೆಯಾದರೆ ಯಾರ ಮುಖವನ್ನೂ ನೋಡಲಾರದ ಒಕ್ಕಲು ಮಕ್ಕಳನ್ನು ನಾವು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ್ದೇವೆ. ಇವರಲ್ಲಿ ಹಲವರು ಬರುವುದು ವ್ಯಸನ ಅಂಟಿದ ಮೇಲೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯಿದೆಯಿಂದ ನಿಷೇಧಿಸಿತಾದರೂ ಅದಕ್ಕೆ ಮೊದಲೇ ಆದ ಸಾಲಗಳು ಕಾಯಿದೆಯಿಂದ ತೀರುವುದಿಲ್ಲ. ಗಾಂಜಾ ನಿಸರ್ಗದತ್ತವಾದ ಸೊಪ್ಪು, ಅದರಿಂದ ಕೇಡಿಲ್ಲ ಎಂಬ ಮಾತು ಕಾಲೇಜುಗಳಲ್ಲಿ ಹರಡಿದೆ. ಹರೆಯದ ಮಿದುಳಿಗೆ ಅದು ಭ್ರಮೆ, ಸಂಶಯಗಳ ಉನ್ಮಾದವನ್ನು ತರಬಲ್ಲದು; ವಂಶದಲ್ಲಿ ಆ ರೋಗವಿದ್ದವರಿಗಂತೂ ಅಪಾಯ ಬಹಳ. ಆಯುರ್ವೇದವೆಂಬ ಹಣೆಪಟ್ಟಿ ಹಚ್ಚಿ ಭಂಗಿ ಬೆರೆಸಿದ ಚಾಕೊಲೇಟುಗಳನ್ನು ಪಾನ್ ಅಂಗಡಿಗಳಲ್ಲಿ ಮಾರುವವರನ್ನು ನಮ್ಮ ರಾಜ್ಯದ ಪೊಲೀಸರು ಹಿಡಿದ ಸುದ್ದಿಗಳನ್ನು ಓದಿದಾಗ, ನಾಲ್ಕು ದಶಕಗಳಿಂದ ಈ ಶಾಸ್ತ್ರದ ಅನ್ನ ಉಂಡ ನಮಗೆ ಸಿಟ್ಟು ತಡೆಯದಾಗುತ್ತದೆ.

ಹೆಣ್ಣುಮಕ್ಕಳಲ್ಲಿ ಹರೆಯದ ನಂತರ ಖಿನ್ನತೆ ಗಂಡುಮಕ್ಕಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಇದರಲ್ಲಿ ಬಾಣಂತಿಯರ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ದೇಶದಂತಹ ದೇಶಗಳಲ್ಲಿ ಹೆರಿಗೆಯಾದ ಐವರಲ್ಲಿ ಸುಮಾರು ಒಬ್ಬರಿಗೆ ಮನೋವ್ಯಾಧಿ, ಮುಖ್ಯವಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಬಾಣಂತಿ ಸನ್ನಿಯೆಂದು ಹೆದರುತ್ತಿದ್ದುದು ಅದರ ಉಗ್ರರೂಪಕ್ಕೆ. ಸೌಮ್ಯರೂಪವು ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಸನ್ನು ಕಂಡರೂ ಸಂತೋಷವಾಗದ, ಕಾರಣವಿಲ್ಲದೆ ಅಳುವ ಇಪ್ಪತ್ತೆರಡರ ತಾಯಿಗೆ "ಗಂಡು ಹಡೆದೀಯಲ್ಲ, ಇನ್ನೇನು ದುಃಖ" ಎಂದರೆ ಅವಳು ಮುಂದೆ ಏನನ್ನೂ ಹೇಳುವುದಿಲ್ಲ. ಹೆಣ್ಣು ಹಡೆದವಳಿಗಂತೂ ಕೇಳುವವರೇ ಇರುವುದಿಲ್ಲ. ಎಣ್ಣೆ, ನೀರು, ಲೇಹ್ಯಗಳ ಬಾಣಂತನ ಒಳ್ಳೆಯದೇ. ರಾತ್ರಿ ಮೂರು ತಾಸಾದರೂ ಕೂಸನ್ನು ಬೇರೆಯವರು ಎತ್ತಿಕೊಂಡು ತಾಯಿಯನ್ನು ಮಲಗಿಸುವುದು ಅದರ ಭಾಗವಾಗಬೇಕು. ತಾನು ಬೇಡ, ಕೂಸೂ ಬೇಡ ಎಂಬ ಮಾತು ಅವಳ ಬಾಯಿಂದ ಬಂದರೆ, ಅಥವಾ ಅವಳು ಇಲ್ಲದ್ದನ್ನು ಕಾಣತೊಡಗಿದರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಕೂಡದು.

ಅಪಾಯದ ಮುನ್ಸೂಚನೆಗಳನ್ನು ತಿಳಿಯಲು ಯಂತ್ರ ಬೇಕಿಲ್ಲ. ಗೆಳೆಯರನ್ನು ತೊರೆಯುವುದು, ಸ್ನಾನ ಮತ್ತು ಬಟ್ಟೆಯ ಕಡೆ ಗಮನವಿಲ್ಲದಿರುವುದು, ಮೆಚ್ಚಿನ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ದರೆ ನಿಮಗೆ ಹಗುರ" ಎಂಬಂತಹ ಮಾತು ಇವನ್ನು ತಮಾಷೆಯೆಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲನೆ ಕೇಳಬಹುದು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದವರೊಬ್ಬರು ಸಿಕ್ಕರೆಂದು ಅವರ ಎದೆ ಹಗುರವಾಗುವುದೇ ಹೆಚ್ಚು. ಒಕ್ಕಲುತನದ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗಿಡದೆ ಬೀಗ ಹಾಕಿ, ಬೀಗದ ಕೈಯನ್ನು ಹಿರಿಯರೊಬ್ಬರು ಇಟ್ಟುಕೊಳ್ಳುವುದು ಅತ್ಯವಶ್ಯ. ಆ ದುಡುಕಿನ ಗಳಿಗೆ ಅನೇಕರಲ್ಲಿ ಅಲ್ಪಕಾಲದ್ದು. ಕೈಗೆ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ. ಪ್ರಯತ್ನಿಸಿ ಬದುಕಿದವರ ಮೇಲೆ ಪೊಲೀಸು ಕೇಸಾದೀತೆಂಬ ಭಯದಿಂದ ಆಸ್ಪತ್ರೆಗೆ ತಡವಾಗಿ ತರುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಶಿಕ್ಷೆಯಿಂದ ರಕ್ಷಿಸಿದೆ.

ಚಿಕಿತ್ಸೆಯ ಬಗೆಗೆ ನಮ್ಮ ನಿಲುವನ್ನು ಸ್ಪಷ್ಟಪಡಿಸಬೇಕು. ಬ್ರಾಹ್ಮಿ, ಶಂಖಪುಷ್ಪಿ, ಅಶ್ವಗಂಧಗಳನ್ನು ನಾವು ಬಳಸುತ್ತೇವೆ. ಶಿರೋಧಾರೆಯಿಂದ ನಿದ್ರೆ ಬಂದವರನ್ನೂ ಕಂಡಿದ್ದೇವೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವೆಂಬ ಚಿಕಿತ್ಸೆಯನ್ನು ಚರಕನು ಹೇಳಿದ್ದಾನೆ, ಇಂದಿನ ಆಪ್ತಸಮಾಲೋಚನೆ ಅದಕ್ಕೆ ದೂರದ್ದಲ್ಲ. ಆದರೆ ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಉನ್ಮಾದಗಳಲ್ಲಿ ಮನೋವೈದ್ಯರ ಬಳಿಗೆ ಕಳುಹಿಸುವುದರಲ್ಲಿ ನಾವು ಒಂದು ದಿನವನ್ನೂ ತಡಮಾಡುವುದಿಲ್ಲ. ಅವರು ಕೊಟ್ಟ ಮಾತ್ರೆಯನ್ನು ನಮ್ಮ ಕಷಾಯವನ್ನು ನಂಬಿ ಏಕಾಏಕಿ ನಿಲ್ಲಿಸಬೇಡಿ. ಅಶ್ವಗಂಧವು ಥೈರಾಯ್ಡ್ ಮಾತ್ರೆ ಮತ್ತು ನಿದ್ರೆಯ ಮಾತ್ರೆಗಳೊಡನೆ ಸೇರಿ ತೊಂದರೆ ಕೊಡಬಲ್ಲುದರಿಂದ ಅಂಗಡಿಯಿಂದ ತಾವೇ ತಂದು ಸೇವಿಸುವುದೂ ಬೇಡ. ಗಾಳಿ ಸೋಂಕೆಂದು ದೇವರ ಕೇಳುವುದಕ್ಕೆ ಊರೂರು ಅಲೆಯುವವರಿಗೆ ನಮ್ಮ ವಿನಂತಿ ಇಷ್ಟೇ: ಶ್ರದ್ಧೆ ನಿಮ್ಮದು, ಅದರೊಡನೆ ಆಸ್ಪತ್ರೆಗೂ ಹೋಗಿ, ತಡಮಾಡದೆ ಹೋಗಿ.

ಈ ಸೇವೆ ಈಗ ಬಹಳ ದೂರದಲ್ಲಿಲ್ಲ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆಯನ್ನು ಒದಗಿಸುವ ಪ್ರಯೋಗವು 1980ರ ದಶಕದಲ್ಲಿ ನಡೆದುದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಅವರು ಬರುತ್ತಾರೆ. ಬರುವ ವಾರವನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮನೆಯಿಂದ ಹೊರಡಲಾಗದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು. ದಿನದ ಇಪ್ಪತ್ತನಾಲ್ಕು ತಾಸೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಬಳಲುವವರೇ ಮಾಡಬೇಕೆಂದಿಲ್ಲ, ತಾಯಿ, ಅಣ್ಣ, ಹಾಸ್ಟೆಲಿನ ಗೆಳೆಯ, ಯಾರಾದರೂ ಮಾಡಿ ಮುಂದೇನೆಂದು ಕೇಳಬಹುದು. ಆಸ್ಪತ್ರೆಗೆ ಹೊರಡುವಾಗ ಹಿಂದಿನ ಚೀಟಿಗಳು, ರಕ್ತ ಪರೀಕ್ಷೆಯ ವರದಿ ಮತ್ತು ಈಗ ಸೇವಿಸುತ್ತಿರುವ ಎಲ್ಲ ಔಷಧಗಳನ್ನು, ನಾವು ಕೊಟ್ಟ ಚೂರ್ಣದ ಪೊಟ್ಟಣವನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರೊಡನೆ ಮಗ ಅಥವಾ ಮಗಳು ಸ್ವಲ್ಪ ಹೊತ್ತು ಒಂಟಿಯಾಗಿ ಮಾತನಾಡಲಿ. ಆಗ ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ.